ಸಹಾಯ ಬೇಕು: ಮಾರಿದ ಕೋವಿಯನ್ನು ಶಿರಸಿಗೆ ತಲುಪಿಸೋದು ಹೇಗೆ?

ಅಪ್ಪನ ಕಾಲದ ಜೋಡಿನಳಿಗೆ ಕೋವಿ, 12 ಬೋರ್, ಈಗ ನನ್ನ ಲೈಸೆನ್ಸಿನಲ್ಲಿದೆ. ಹಿಡಿಯ ಹತ್ತಿರ ಮರ ಸ್ವಲ್ಪ ಸವೆದಿದೆ, ನಳಿಗೆ ಚೆನ್ನಾಗಿದೆ. ಚುನಾವಣೆ ಬಂದಾಗಲೆಲ್ಲ ಠಾಣೆಯಲ್ಲಿಟ್ಟು ತರುವುದೇ ಆಯ್ತು, ಬಳಕೆ ಇಲ್ಲ. ನಾವು ತೀರ್ಥಹಳ್ಳಿ, ಕೊಳ್ಳುವವರು ಶಿರಸಿ ಕಡೆಯವರು, ಅವರಿಗೂ ಲೈಸೆನ್ಸ್ ಇದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಅವರ ಹೆಸರು, ವಿಳಾಸ ಬರೆದು ಡಿಸಿಗೋ ಹತ್ತಿರದ ಠಾಣೆಗೋ ತಿಳಿಸಿ 45 ದಿನ ಕಾಯಬೇಕಲ್ವಾ, ಆ ಪತ್ರ ಕೊಟ್ಟಾಗಿದೆ. ತೊಡಕು ಆಮೇಲಿನದು. ವಯಸ್ಸಾದವರು, ಬರಲು ಆಗುವುದಿಲ್ಲವಂತೆ, ಬಸ್ಸಿನಲ್ಲಿ ಪಾರ್ಸೆಲ್ ಹಾಕಿ ಅನ್ನುತ್ತಾರೆ (ಅಡಿಕೆ ಮೂಟೆ ಅಂದುಕೊಂಡರೋ ಏನೋ!). ಅದಂತೂ ಆಗದ ಮಾತು. ಲೈಸೆನ್ಸ್ ಇರುವ ಡೀಲರ್ ಮೂಲಕ ಕಳಿಸಬಹುದಾ? ಸಾಗಿಸುವ ಅನುಮತಿ ಯಾರ ಹೆಸರಲ್ಲಿ ಕೇಳಬೇಕು, ನನ್ನದಾ ಅವರದಾ? ಇತ್ತೀಚೆಗೆ ಮಾಡಿಸಿದವರಿದ್ದರೆ ಹೇಳಿ. ಸುಮ್ನೆ ಡಿಕ್ಕಿಯಲ್ಲಿ ಹಾಕಿಕೊಂಡು ಹೋಗಿ ಅನ್ನುವ ಸಲಹೆ ಮಾತ್ರ ಬೇಡ.