ಮಾಲಿಕ್ಯೂಲ್ 01: ನನಗೆ ಗೊತ್ತಾಗದ ಪರಿಮಳ ಪಕ್ಕದವರಿಗೆ ಹೇಗೆ ಬರುತ್ತದೆ?

ಹೂವಿನ ಮಂಡಿ, ಚಿಕ್ಕಬಳ್ಳಾಪುರ:
ಲಂಡನ್‌ನಲ್ಲಿರುವ ಅಕ್ಕ ಅಲ್ಲಿಯ ಎಸೆಂಟ್ರಿಕ್ ಮಾಲಿಕ್ಯೂಲ್ಸ್ ಕಂಪನಿಯವರ ಮಾಲಿಕ್ಯೂಲ್ 01 ಅನ್ನುವ ಸೆಂಟ್ ತಂದುಕೊಟ್ಟಳು. ಹೊಡೆದ ತಕ್ಷಣ ಬರೀ ಸ್ಪಿರಿಟ್ ವಾಸನೆ. ಆಮೇಲೆ ಏನೂ ಇಲ್ಲ. ಆದರೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದಾಗ, ಸುತ್ತ ಅಷ್ಟು ಸೇವಂತಿಗೆ, ಗುಲಾಬಿ ರಾಶಿ ಇದ್ದರೂ, ಪಕ್ಕದ ಅಂಗಡಿ ಆಂಟಿ "ಏನಮ್ಮಾ ಹಾಕಿದ್ದೀಯ, ಚೆನ್ನಾಗಿದೆ" ಅಂದರು. ನನ್ನ ಮೂಗು ಸರಿ ಇಲ್ವಾ? ಇಲ್ಲ ಬಾಟಲಿನೇ ಡೂಪ್ಲಿಕೇಟಾ?

ಊದುಬತ್ತಿ ತುಮಕೂರು:
ಮೂಗಿಗೆ ಏನೂ ಆಗಿಲ್ಲ ತಂಗಿ. ಬಾಟಲಿ ಮೇಲೂ ಅನುಮಾನ ಬೇಡ, ಅಸಲಿ ಮಾಲು ಹೀಗೇ ಇರುತ್ತದೆ. ನಾನು ಊದುಬತ್ತಿಗೆ ಸೆಂಟ್ ಬೆರೆಸುವವನು. ನಿಮ್ಮ ಬಾಟಲಿಯಲ್ಲಿರುವುದು ನಮ್ಮ ಕಪಾಟಿನಲ್ಲೂ ಇದೆ. ಹೆಸರು ಐಸೋ ಈ ಸೂಪರ್. ಐಎಫ್‌ಎಫ್ ಅನ್ನುವ ಅಮೆರಿಕದ ಕಂಪನಿ 1973ರಲ್ಲಿ ಲ್ಯಾಬ್‌ನಲ್ಲಿ ಮಾಡಿದ್ದು. ಆಮೇಲೆ ಎಷ್ಟೋ ದೊಡ್ಡ ಸೆಂಟ್‌ಗಳ ತಳದಲ್ಲಿ ಇದು ಸೇರಿಕೊಂಡಿತು. ಡಿಯೋರ್‌ನವರ ಫ್ಯಾರನ್‌ಹೈಟ್, 1988ರದ್ದು, ಅದರಲ್ಲೂ ಧಾರಾಳವಾಗಿದೆ. ಗೇಜಾ ಶೋನ್ ಎಂಬ ಜರ್ಮನ್ ಪರ್ಫ್ಯೂಮರ್ 2006ರಲ್ಲಿ ಇದೊಂದನ್ನೇ ಆಲ್ಕೋಹಾಲ್‌ಗೆ ಹಾಕಿ ಬಾಟಲಿ ಮಾಡಿದರು. ನಿಂಬೆ ಇಲ್ಲ, ಹೂವಿಲ್ಲ, ಕಸ್ತೂರಿ ಇಲ್ಲ.

ಆಗ ತಾನೇ ಹೆರೆದ ಪೆನ್ಸಿಲ್ ಮರದ ವಾಸನೆ ಇದರದ್ದು. ಜೊತೆಗೆ ಒಂಚೂರು ಮೆಣಸು, ಮೈ ಬಿಸಿಯ ಮೆತ್ತನೆ. ಬೇರೆ ಸೆಂಟ್‌ಗಳಲ್ಲಿ ಮೊದಲು ನಿಂಬೆ, ಆಮೇಲೆ ಹೂವು, ಕೊನೆಗೆ ಮರ ಅಂತ ವಾಸನೆ ಬದಲಾಗುತ್ತಾ ಹೋಗುತ್ತದೆ. ಮೂಗಿಗೆ ಆಗಾಗ ಹೊಸದು ಸಿಗುತ್ತದೆ. ಇದರಲ್ಲಿ ಶುರುವಿನಿಂದ ಕೊನೆವರೆಗೂ ಒಂದೇ. ಒಂದೇ ಸಮನೆ ಬಂದರೆ ಮೂಗು ಅದನ್ನು ಗಮನಿಸುವುದನ್ನೇ ಬಿಡುತ್ತದೆ. ದೂರದಿಂದ ಬಂದವರಿಗೆ ಆ ತೊಂದರೆ ಇಲ್ಲ. ಕೆಲವರಿಗೆ ಹುಟ್ಟಿನಿಂದಲೇ ಈ ವಾಸನೆ ಸರಿಯಾಗಿ ಹಿಡಿಯುವುದಿಲ್ಲ, ಅದೂ ಉಂಟು.

ಇನ್ನೊಂದು ವಿಚಾರ. ಒಂದೇ ಅಣು ಅಂತ ಹೇಳಿ ಮಾರಿದರೂ ಐಸೋ ಈ ಸೂಪರ್ ಅನ್ನುವುದು ಒಂದೇ ಜಾತಿಯ ಹಲವು ಅಣುಗಳ ಬೆರಕೆ. ಜಾಸ್ತಿ ಇರುವುದಕ್ಕೆ ವಾಸನೆ ತೀರಾ ಕಮ್ಮಿ. ಅಲ್ಪಸ್ವಲ್ಪ ಇರುವ ಒಂದು ಅಣುವೇ ಪರಿಮಳದ ಬಹುಪಾಲು ಹೊರುತ್ತದೆ. ಇದು ನನಗೆ ಇವತ್ತಿಗೂ ಬೆರಗು.

ಮಣಿಕಟ್ಟು ಮೂಸಬೇಡಿ. ವೇಲಿನ ತುದಿಗೆ ಹೊಡೆದು ಬೇರೆ ಕೋಣೆಯಲ್ಲಿ ಬಿಟ್ಟು ಹೊರಗೆ ಸುತ್ತಾಡಿ ಬನ್ನಿ.

ಕೋಲಾರದ ಮೇಷ್ಟ್ರು:
ಸಾವಿರಗಟ್ಟಲೆ ಕೊಟ್ಟು ಒಂದು ಕೆಮಿಕಲ್ ತಗೊಳ್ಳಬೇಕಾ? ನಮ್ಮ ಗಂಧದೆಣ್ಣೆ ಇಲ್ವಾ?

ಊದುಬತ್ತಿ ತುಮಕೂರು:
ಗಂಧದೆಣ್ಣೆಗೆ ಇದು ಸಮ ಅಲ್ಲ ಸರ್, ಒಪ್ಪುತ್ತೇನೆ. ಗಂಧಕ್ಕೆ ಆ ಪರಿಮಳ ಕೊಡುವ ಸ್ಯಾಂಟಲಾಲ್ ಅನ್ನುವ ಅಂಶದ ಹಾಲಿನಂಥ ನುಣುಪು ಇದರಲ್ಲಿ ಇಲ್ಲ. ಆದರೆ ಸದಾ ಹಿಂದೆ ನಿಂತು ಬೇರೆ ಪರಿಮಳವನ್ನು ಎತ್ತಿ ಹಿಡಿಯುತ್ತಿದ್ದ ವಸ್ತುವನ್ನು ಧೈರ್ಯವಾಗಿ ಮುಂದೆ ತಂದಿದ್ದಾರಲ್ಲ, ಅದಕ್ಕೆ ನಾನು ಬೆಲೆ ಕೊಡುತ್ತೇನೆ. ಬೆರೆಸುವವರಿಗೆ ಅದರ ಕಷ್ಟ ಗೊತ್ತು.

ಹೂವಿನ ಮಂಡಿ, ಚಿಕ್ಕಬಳ್ಳಾಪುರ:
ವೇಲಿನಲ್ಲಿ ಸಿಕ್ಕಿತು ಅಣ್ಣ! ಮರದ ವಾಸನೆನೇ. ಇನ್ನೂ ಸ್ವಲ್ಪ ಎದ್ದು ಕಾಣಬೇಕು ಅಂದರೆ?

ಊದುಬತ್ತಿ ತುಮಕೂರು:
ಅವರದೇ ಎಸೆಂಟ್ರಿಕ್ 01 ನೋಡಿ. ಐಸೋ ಈ ಸೂಪರ್ 65%, ಉಳಿದದ್ದರಲ್ಲಿ ಪಿಂಕ್ ಪೆಪ್ಪರ್, ಲೈಮ್ ಸಿಪ್ಪೆ, ಐರಿಸ್ ಬೇರು. ಇಲ್ಲವೇ ಈಗಿರುವುದನ್ನೇ ಹಾಕಿ ಮೇಲೆ ಮಲ್ಲಿಗೆ ಮುಡಿಯಿರಿ. ಮಲ್ಲಿಗೆಯ ಜೊತೆ ಬಹಳ ಚೆನ್ನಾಗಿ ಹೊಂದುತ್ತದೆ.