ಗೇಮ್‌ನಲ್ಲಿ ಸಿಕ್ಕ 'ಗೆಳತಿ', ಕ್ಲಾಸ್ ಗ್ರೂಪಿನ ಸ್ಟಿಕ್ಕರ್: ಅಪ್ಪ ಅಮ್ಮಂದಿರ ಪ್ರಶ್ನೆ, ಆಪ್ತಸಮಾಲೋಚಕಿಯ ಉತ್ತರ

ಎಲ್ಲರಿಗೂ ನಮಸ್ಕಾರ. ನಾನು ಶಾಲೆ ಮಕ್ಕಳ ಜೊತೆ ಕೆಲಸ ಮಾಡುವ ಆಪ್ತಸಮಾಲೋಚಕಿ. ಮಕ್ಕಳು, ಫೋನು, ಇಂಟರ್ನೆಟ್ಟು, ಏನಿದ್ದರೂ ಇಲ್ಲಿ ಕೇಳಿ. ಹೆಸರು, ಶಾಲೆ ಹೆಸರು ಬರೆಯಬೇಡಿ. ಮಕ್ಕಳ ಫೋಟೊ ಅಂತೂ ಹಾಕಲೇಬೇಡಿ.

ಪ್ರಶ್ನೆ (ದಾವಣಗೆರೆಯಿಂದ ಒಬ್ಬ ತಂದೆ): ಮೇಡಂ, ಕೈಕಾಲು ಆಡ್ತಿಲ್ಲ, ಅದಕ್ಕೇ ಬರೀತಿದ್ದೇನೆ. ಮಗನಿಗೆ 14 ವರ್ಷ. ಗೇಮ್ ಆಡುವಾಗ ಒಬ್ಬಳು ಪರಿಚಯ ಆಗಿದ್ದಾಳೆ, ಅದು ಹುಡುಗೀನೋ ಅಲ್ವೋ ದೇವರಿಗೇ ಗೊತ್ತು. ಎರಡು ವಾರ ಚೆನ್ನಾಗಿ ಮಾತಾಡಿ, ಬೇರೆ ಆ್ಯಪ್‌ಗೆ ಬಾ ಅಂತ ಕರೆದು, ಅವಳ ಫೋಟೊ ಅಂತ ಯಾವುದೋ ಕಳಿಸಿ ಇವನದ್ದೂ ಕೇಳಿದ್ದಾಳೆ. ಇವನು ಬಟ್ಟೆ ಇಲ್ಲದ ಫೋಟೊ ಕಳಿಸಿಬಿಟ್ಟಿದ್ದಾನೆ. ಅಲ್ಲಿಂದ ಶುರು, ದುಡ್ಡು ಹಾಕು, ಇಲ್ಲದಿದ್ದರೆ ನಿನ್ನ ಸ್ನೇಹಿತರಿಗೆಲ್ಲ ಕಳಿಸ್ತೀನಿ ಅಂತ. ಅವರಮ್ಮನ ಫೋನಿನಿಂದ ಮೊದಲು 1,500, ಆಮೇಲೆ 3,000 ಹಾಕಿದ್ದಾನೆ. ಬ್ಯಾಂಕ್ ಮೆಸೇಜ್ ನೋಡಿ ನಿನ್ನೆ ಗೊತ್ತಾಯಿತು. ಸಿಟ್ಟಲ್ಲಿ ಹೊಡೆದುಬಿಟ್ಟೆ. ಫೋನ್ ಕಿತ್ತು ಬೀರುವಿನಲ್ಲಿಟ್ಟಿದ್ದೇನೆ. ಹುಡುಗ ಊಟ ಬಿಟ್ಟು ಗೋಡೆ ಕಡೆ ತಿರುಗಿ ಮಲಗಿದ್ದಾನೆ. ಸ್ಟೇಷನ್‌ಗೆ ಹೋದರೆ ಮಾನ ಹೋಗುತ್ತೆ, ಆ ಅಕೌಂಟ್ ಡಿಲೀಟ್ ಮಾಡಿ ಸುಮ್ನಿರು ಅಂತಾನೆ ನಮ್ಮಣ್ಣ. ಏನು ಮಾಡಲಿ?

ಉತ್ತರ: ಸರ್, ಇದನ್ನು ಓದಿದ ತಕ್ಷಣ ಹೋಗಿ ಮಗನ ಪಕ್ಕ ಕೂತುಕೊಳ್ಳಿ. ಇವತ್ತು ರಾತ್ರಿ ಅವನನ್ನು ಒಬ್ಬನೇ ಮಲಗಲು ಬಿಡಬೇಡಿ. ಹೊಡೆದದ್ದು ತಪ್ಪಾಯಿತು ಅಂತ ಬಾಯಿಬಿಟ್ಟು ಹೇಳಿ. 'ನಿನಗೆ ಮೋಸ ಮಾಡಿದ್ದಾರೆ, ನಾನು ಇದ್ದೀನಿ, ಇಬ್ಬರೂ ಸೇರಿ ಸರಿ ಮಾಡೋಣ' ಅಂದರೆ ಸಾಕು. ಇಂಥ ಹೊತ್ತಲ್ಲಿ ಮಕ್ಕಳಿಗೆ ಜೀವನವೇ ಮುಗಿಯಿತು ಅನ್ನಿಸುತ್ತದೆ, ಜೀವ ಕಳಕೊಂಡ ಮಕ್ಕಳೂ ಇದ್ದಾರೆ, ನಿಮ್ಮನ್ನು ಹೆದರಿಸಲು ಹೇಳುತ್ತಿಲ್ಲ. ಸಾಯುವ ಮಾತಾಡಿದರೆ ಅಥವಾ ಮಾತೇ ಆಡದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ.

ಇನ್ನು ಅಣ್ಣ ಹೇಳಿದ ಹಾಗೆ ಡಿಲೀಟ್ ಮಾತ್ರ ಮಾಡಬೇಡಿ. ಫೋನ್ ಬೀರುವಿನಿಂದ ಹೊರಗೆ ತೆಗೆಯಿರಿ, ಅದರಲ್ಲಿರುವುದೇ ಸಾಕ್ಷಿ. ಬೆದರಿಕೆ ಮೆಸೇಜ್‌ಗಳ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ, ತಾರೀಕು, ಸಮಯ ಕಾಣಬೇಕು. ಅವರ ಪ್ರೊಫೈಲ್ ತೆರೆದು ಯೂಸರ್‌ನೇಮ್ ಮತ್ತು ಲಿಂಕ್ ಬರೆದಿಟ್ಟುಕೊಳ್ಳಿ, ಯಾಕೆಂದರೆ ಮೇಲೆ ಕಾಣುವ ಹೆಸರನ್ನು ಅವರು ಒಂದು ನಿಮಿಷದಲ್ಲಿ ಬದಲಾಯಿಸುತ್ತಾರೆ. ಹಣ ಹೋದ ಯುಪಿಐ ಐಡಿ, ಟ್ರಾನ್ಸಾಕ್ಷನ್ ನಂಬರ್ ಕೂಡ. ಇಷ್ಟು ಆದಮೇಲೆ ಆ ಆ್ಯಪ್‌ನಲ್ಲೇ ರಿಪೋರ್ಟ್ ಮಾಡಿ, ಬ್ಲಾಕ್ ಮಾಡಿ. ಇನ್ನು ಒಂದು ರೂಪಾಯಿಯೂ ಹಾಕಬೇಡಿ. ಹಾಕಿದರೆ ಬಿಡುತ್ತಾರೆ ಅನ್ನಿಸುತ್ತದೆ, ಆದರೆ 1,500 ಕೊಟ್ಟ ಮೇಲೆ ತಾನೇ 3,000 ಕೇಳಿದ್ದು?

ಒಂದು ಎಚ್ಚರಿಕೆ ಇದೆ, ಇದು ತುಂಬ ಜನಕ್ಕೆ ಗೊತ್ತಿಲ್ಲ. ಮಗನ ಆ ಫೋಟೊವನ್ನು ಯಾರಿಗೂ ಫಾರ್ವರ್ಡ್ ಮಾಡಬೇಡಿ. ಅಣ್ಣನಿಗೂ ಬೇಡ, ನನಗೂ ಬೇಡ, 'ನೋಡಿ ಹೀಗಾಗಿದೆ' ಅಂತ ಶಾಲೆಗೂ ಬೇಡ. 18 ವರ್ಷದೊಳಗಿನವರ ಅಂಥ ಚಿತ್ರ ಹಂಚುವುದು ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆಯ 67ಬಿ ಕಲಂ ಪ್ರಕಾರ ಅಪರಾಧ. ಪೊಲೀಸರು ಫೋನಿನಲ್ಲೇ ನೋಡಿಕೊಳ್ಳುತ್ತಾರೆ.

ಹಣದ ವಿಷಯಕ್ಕೆ ಈಗಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ತಡವಾದಷ್ಟೂ ದುಡ್ಡು ಕೈ ಬದಲಾಗುತ್ತಾ ಹೋಗುತ್ತದೆ. ಫೋಟೊ ವಿಷಯಕ್ಕೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಹೆಂಗಸರು, ಮಕ್ಕಳ ದೂರಿಗೆ ಬೇರೆಯೇ ಜಾಗ ಇದೆ. ಹೆಸರು ಹೇಳದೆಯೂ ದೂರು ಕೊಡಬಹುದು, ಆದರೆ ಹೆಸರು ಕೊಟ್ಟರೆ ದೂರು ಎಲ್ಲಿಗೆ ಬಂತು ಅಂತ ನೋಡಿಕೊಳ್ಳಲು ಆಗುತ್ತದೆ. ನಿಮ್ಮ ಜಿಲ್ಲೆಯ ಸೆನ್ ಠಾಣೆಗೆ (ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧಗಳ ಪೊಲೀಸ್ ಠಾಣೆ) ನೇರವಾಗಿ ಹೋದರೂ ಸರಿ.

ಮಾನದ ಮಾತು ಹೇಳಿದಿರಲ್ಲ, ಕಾನೂನು ಆ ಭಯವನ್ನು ಗಮನದಲ್ಲಿ ಇಟ್ಟುಕೊಂಡೇ ಬರೆದದ್ದು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆ ಗಂಡುಮಕ್ಕಳಿಗೂ ಅನ್ವಯ ಆಗುತ್ತದೆ. ಮಗುವಿನ ಹೇಳಿಕೆಯನ್ನು ಮನೆಯಲ್ಲೋ ಅವನು ಹೇಳಿದ ಜಾಗದಲ್ಲೋ ಬರೆದುಕೊಳ್ಳಬೇಕು. ಪೊಲೀಸರು ಯೂನಿಫಾರ್ಮ್ ಹಾಕಿಕೊಂಡು ಬರುವ ಹಾಗಿಲ್ಲ, ಸಾಧ್ಯವಾದ ಮಟ್ಟಿಗೆ ಮಹಿಳಾ ಅಧಿಕಾರಿಯೇ ಬರಬೇಕು. ರಾತ್ರಿ ಮಗುವನ್ನು ಠಾಣೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಪತ್ರಿಕೆ, ಟಿವಿಯಲ್ಲಿ ಹೆಸರು, ಶಾಲೆ, ಮನೆ ಯಾವುದೂ ಬರಬಾರದು. ಠಾಣೆಯಲ್ಲಿ ಯಾರಾದರೂ ಬೇರೆ ಥರ ನಡೆದುಕೊಂಡರೆ ಈ ಮಾತನ್ನು ಅಲ್ಲೇ ನೆನಪಿಸಿ, ಹೆದರಬೇಡಿ.

ಅದೇ ತಂದೆ: ಫೋಟೊ ಆಗಲೇ ಹರಡಿಬಿಟ್ಟಿದ್ದರೆ?

ಉತ್ತರ: ಟೇಕ್ ಇಟ್ ಡೌನ್ ಅಂತ ಒಂದು ಉಚಿತ ಸೇವೆ ಇದೆ. ಕಾಣೆಯಾದ ಮಕ್ಕಳಿಗಾಗಿ ಕೆಲಸ ಮಾಡುವ ಅಮೆರಿಕದ ಎನ್‌ಸಿಎಂಇಸಿ ಸಂಸ್ಥೆಯದ್ದು, ಯಾವ ದೇಶದಿಂದ ಬೇಕಾದರೂ ಬಳಸಬಹುದು. ಫೋಟೊ ನಿಮ್ಮ ಫೋನ್ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಅದಕ್ಕೆ ಒಂದು ಬೆರಳಚ್ಚಿನ ಥರದ ಸಂಖ್ಯೆ ತಯಾರಾಗಿ, ಆ ಸಂಖ್ಯೆ ಮಾತ್ರ ಹೋಗುತ್ತದೆ. ಇನ್‌ಸ್ಟಾಗ್ರಾಮ್, ಫೇಸ್‌ಬುಕ್, ಸ್ನ್ಯಾಪ್‌ಚಾಟ್ ಥರದ ಕಂಪನಿಗಳು ಅದಕ್ಕೆ ಹೊಂದುವ ಚಿತ್ರವನ್ನು ಹುಡುಕಿ ತೆಗೆಯುತ್ತವೆ. ವಾಟ್ಸ್‌ಆ್ಯಪ್‌ನಂಥ ಎನ್‌ಕ್ರಿಪ್ಟ್ ಆದ (ಹೊರಗಿನವರು ಓದಲಾಗದ) ಚಾಟ್ ಒಳಗೆ ಓಡಾಡುವುದನ್ನು ಇದು ತಡೆಯಲಾರದು, ಅಷ್ಟು ಮಾತ್ರ ತಿಳಿದಿರಲಿ. ಮಗನ ಕೈಯಲ್ಲೇ ಮಾಡಿಸಿ, ನೀವು ಪಕ್ಕದಲ್ಲಿರಿ. ತಾನೇ ಏನೋ ಮಾಡಿದೆ ಅನ್ನುವುದು ಅವನಿಗೆ ಈಗ ಬೇಕು.

ಪ್ರಶ್ನೆ (ಮೈಸೂರು, ತಾಯಿ): ನಮ್ಮದು ಉಲ್ಟಾ ಕೇಸು ಮೇಡಂ. ಮಗಳು ಎಂಟನೇ ಕ್ಲಾಸು. ಒಬ್ಬಳು ಹುಡುಗಿ ಟಿಫಿನ್ ತಿನ್ನುವಾಗ ಬಾಯಿ ತುಂಬ ತುತ್ತಿಟ್ಟುಕೊಂಡ ಫೋಟೊವನ್ನು ಇವಳು ತೆಗೆದು, ವಾಟ್ಸ್‌ಆ್ಯಪ್ ಸ್ಟಿಕ್ಕರ್ ಮಾಡಿ ಕ್ಲಾಸ್ ಗ್ರೂಪಿನಲ್ಲಿ ಹಾಕಿದ್ದಾಳೆ. ಈಗ ಯಾರು ಏನು ಹೇಳಿದರೂ ಅದೇ ಸ್ಟಿಕ್ಕರ್. ಆ ಮಗು ಮೂರು ದಿನದಿಂದ ಶಾಲೆಗೆ ಬಂದಿಲ್ಲ. ಅವರಮ್ಮ ಫೋನ್ ಮಾಡಿ ಅತ್ತರು. ನನ್ನ ಮಗಳು 'ಜೋಕ್ ಅಮ್ಮಾ, ಎಲ್ಲರೂ ಮಾಡ್ತಾರೆ' ಅಂತಾಳೆ.

ಉತ್ತರ: ನೀವು ಇದನ್ನು ಇಲ್ಲಿ ಬರೆದಿದ್ದಕ್ಕೆ ನಿಮ್ಮ ಮೇಲೆ ಗೌರವ ಹೆಚ್ಚಾಯಿತು. ನಮ್ಮ ಮಗುವಿಗೆ ಯಾರೋ ಏನೋ ಮಾಡಿದರು ಅಂತ ಬರುವವರೇ ಜಾಸ್ತಿ, ನಮ್ಮ ಮಗು ಮಾಡಿತು ಅಂತ ಬರುವವರು ಕಡಿಮೆ.

ಮಗಳ ಜೊತೆ ಕೂತು ಆ ಗ್ರೂಪನ್ನು ಮೇಲಿಂದ ಕೆಳಗೆ ನೋಡಿ. ಬಯ್ಯಬೇಡಿ, ಒಂದೊಂದು ಸಲ ಆ ಸ್ಟಿಕ್ಕರ್ ಬಂದಾಗ ಎಣಿಸಲು ಹೇಳಿ. ನನ್ನ ಹತ್ತಿರ ಬಂದ ಒಬ್ಬಳು ಹುಡುಗಿ ಹೀಗೇ ಎಣಿಸುತ್ತಾ ಇಪ್ಪತ್ತು ದಾಟುವ ಹೊತ್ತಿಗೆ ತಾನೇ ಫೋನ್ ಮಗುಚಿಟ್ಟಳು. ಅಲ್ಲಿಯವರೆಗೆ ಅವಳ ಲೆಕ್ಕದಲ್ಲಿ ತಾನು ಮಾಡಿದ್ದು ಒಂದೇ ಒಂದು ಜೋಕು.

ಆಮೇಲೆ ಕೆಲಸ ಅವಳದ್ದೇ. ತನ್ನ ಮೆಸೇಜ್ ಎಲ್ಲರಿಗೂ ಡಿಲೀಟ್ ಮಾಡುವ ಅವಕಾಶ ಸುಮಾರು ಎರಡು ದಿನ ಮಾತ್ರ ಇರುತ್ತದೆ, ಈಗ ಅದು ದಾಟಿರಬಹುದು. ಡಿಲೀಟ್ ಆದರೂ, ಸ್ಟಿಕ್ಕರನ್ನು ಫೇವರಿಟ್‌ಗೆ ಸೇರಿಸಿಕೊಂಡವರ ಫೋನಲ್ಲಿ ಅದು ಉಳಿದೇ ಇರುತ್ತದೆ. ಹಾಗಾಗಿ 'ನಾನು ಮಾಡಿದ್ದು ತಪ್ಪು, ದಯವಿಟ್ಟು ತೆಗೆಯಿರಿ' ಅಂತ ಗ್ರೂಪಿನಲ್ಲಿ ಅವಳೇ ಬರೆಯಬೇಕು, ತೆಗೆಯದವರನ್ನು ಒಬ್ಬೊಬ್ಬರಾಗಿ ಕೇಳಬೇಕು. ಕಷ್ಟ ಆಗುತ್ತದೆ, ಆಗಲಿ. ಆ ಮಗುವಿನ ಮನೆಗೂ ಹೋಗಿ ಬನ್ನಿ, ಆದರೆ ಮೊದಲು ಅವರಮ್ಮನನ್ನು ಕೇಳಿ. ಆ ಹುಡುಗಿ ಬೇಡ ಅಂದರೆ ಬಲವಂತ ಬೇಡ, ಚೀಟಿ ಬರೆದು ಕಳಿಸಿದರೂ ಆಯಿತು. ಕ್ಲಾಸ್ ಟೀಚರ್‌ಗೂ ತಿಳಿಸಿ, ಯಾಕೆಂದರೆ ಆ ಮಗು ವಾಪಸ್ ಬರುವ ದಿನ ಕ್ಲಾಸಲ್ಲಿ ದೊಡ್ಡವರೊಬ್ಬರಿಗೆ ವಿಷಯ ಗೊತ್ತಿರಬೇಕು.

ಮಗಳ ಫೋನ್ ಒಂದು ತಿಂಗಳು ಕಿತ್ತುಕೊಳ್ಳುವ ಯೋಚನೆ ಇದ್ದರೆ ಬಿಡಿ. ಫೋನ್ ಇಲ್ಲದೆ ಈ ತಪ್ಪನ್ನು ಅವಳು ಸರಿ ಮಾಡುವುದಾದರೂ ಹೇಗೆ?

ಪ್ರಶ್ನೆ (ಶಿರಸಿ, ಅಜ್ಜಿ): ಮೊಮ್ಮಗನಿಗೆ ಮೂರು ವರ್ಷ, ಮೊಬೈಲ್ ಇಲ್ದೇ ಒಂದು ತುತ್ತೂ ಇಳಿಯುವುದಿಲ್ಲ. ಎಷ್ಟು ಹೊತ್ತು ಕೊಡಬಹುದು?

ಉತ್ತರ: ಅಜ್ಜಿ, ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ ಪ್ರಕಾರ 2ರಿಂದ 4 ವರ್ಷದವರಿಗೆ ದಿನಕ್ಕೆ ಒಂದು ಗಂಟೆ ದಾಟಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ಊಟದ ಹೊತ್ತಲ್ಲಿ ಪೂರ್ತಿ ನಿಲ್ಲಿಸಿ. ಮೂರ್ನಾಲ್ಕು ದಿನ ರಂಪ ಮಾಡುತ್ತಾನೆ, ಕಡಿಮೆ ತಿನ್ನುತ್ತಾನೆ, ಹಸಿವಾದರೆ ಕೇಳಿಯೇ ಕೇಳುತ್ತಾನೆ. ನೀವು ಹೇಳುವ ಕಾಗಕ್ಕ ಗುಬ್ಬಕ್ಕನ ಕತೆ ಯಾವ ವಿಡಿಯೊಗೂ ಕಡಿಮೆ ಇಲ್ಲ.

ಪ್ರಶ್ನೆ (ಹುಬ್ಬಳ್ಳಿ, ತಂದೆ): 10 ವರ್ಷದ ಮಗ ನನ್ನ ಫೋನಿನಲ್ಲಿ ಗೇಮ್ ಆಡುತ್ತಾ 2,400 ರೂಪಾಯಿಯ ಏನೋ ಖರೀದಿ ಮಾಡಿದ್ದಾನೆ. ವಾಪಸ್ ಬರುತ್ತದಾ?

ಉತ್ತರ: ಪ್ಲೇ ಸ್ಟೋರ್ ಮೂಲಕ ಹೋಗಿದ್ದರೆ 48 ಗಂಟೆಯೊಳಗೆ ಗೂಗಲ್ ಪ್ಲೇ ವೆಬ್‌ಸೈಟಿನಲ್ಲಿ ರಿಫಂಡ್ ಕೇಳಿ, ಮನೆಯವರು ನಿಮಗೆ ಗೊತ್ತಿಲ್ಲದೆ ಖರೀದಿಸಿದ್ದು ಅನ್ನುವ ಕಾರಣ ಅಲ್ಲೇ ಇರುತ್ತದೆ. ಕೊಟ್ಟೇ ಕೊಡುತ್ತಾರೆ ಅಂತ ಹೇಳಲಾರೆ. ಸೆಟ್ಟಿಂಗ್ಸ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವ ಹಾಗೆ ಮಾಡಿ. ಅವನಿಗೇ ಬೇರೆ ಫೋನ್ ಇದ್ದರೆ ಮಕ್ಕಳ ಫೋನ್ ಮೇಲೆ ನಿಗಾ ಇಡುವ ಗೂಗಲ್‌ನ ಫ್ಯಾಮಿಲಿ ಲಿಂಕ್ ಆ್ಯಪ್ ಹಾಕಿ, ಖರೀದಿಗೂ ಹೊಸ ಆ್ಯಪ್‌ಗೂ ನಿಮ್ಮ ಒಪ್ಪಿಗೆ ಬೇಕಾಗುತ್ತದೆ. ಗುಟ್ಟಾಗಿ ಹಾಕಬೇಡಿ, ಅವನಿಗೆ ಹೇಳಿಯೇ ಹಾಕಿ. ಮತ್ತೆ ನಿಮ್ಮ ಯುಪಿಐ ಪಿನ್ ಅವನಿಗೆ ಗೊತ್ತಿದ್ದರೆ ಇವತ್ತೇ ಬದಲಾಯಿಸಿ.

ದಾವಣಗೆರೆಯ ತಂದೆ (ಮರುದಿನ): ಮೇಡಂ, 1930ಕ್ಕೆ ರಾತ್ರಿಯೇ ಹೇಳಿದೆ. ಬೆಳಿಗ್ಗೆ ಸೆನ್ ಠಾಣೆಗೆ ಹೋಗಿ ದೂರು ಕೊಟ್ಟು ಬಂದೆವು. ಮೇಡಂ ಒಬ್ಬರು ನಾಳೆ ಮನೆಗೆ ಬರ್ತೀನಿ ಅಂದರು, ಚೂಡಿದಾರದಲ್ಲಿ ಬರ್ತೀನಿ ಅಂತ ಅವರೇ ಹೇಳಿದರು. ಟೇಕ್ ಇಟ್ ಡೌನ್ ಮಗನೇ ಮಾಡಿದ. ಮಧ್ಯಾಹ್ನ ಎರಡು ರೊಟ್ಟಿ ತಿಂದ. ಇನ್ನೂ ನನ್ನ ಮುಖ ನೋಡುತ್ತಿಲ್ಲ.

ಉತ್ತರ: ನೋಡುತ್ತಾನೆ, ಟೈಮ್ ಕೊಡಿ. ನಾಳೆ ಅವರು ಬಂದಾಗ ಅವನು ಮಾತಾಡಿ ಮುಗಿಸುವವರೆಗೂ ನೀವು ನಡುವೆ ಬಾಯಿ ಹಾಕಬೇಡಿ. ಇವತ್ತು ರಾತ್ರಿಯೂ ಅವನ ಕೋಣೆಯಲ್ಲೇ ಮಲಗಿ.