ಬಿಸಿಯಾದ ಮೇಲೆ ಮಾತ್ರ ಪಿ0758: ಸೊಲೆನಾಯ್ಡ್ ಬದಲಿಸಲೇ, ವೈರಿಂಗ್ ನೋಡಲೇ?

ನಾಲ್ಕನೇಗೇರ್:
ಹಳೇ ಸೆಡಾನ್, 4 ಸ್ಪೀಡ್ ಆಟೋಮ್ಯಾಟಿಕ್. ತಣ್ಣಗಿದ್ದಾಗ ಗೇರ್ ಸರಿಯಾಗೇ ಬೀಳುತ್ತೆ. ಅರ್ಧ ಗಂಟೆ ಓಡಿದರೆ ಒಂದೇ ಗೇರ್‌ನಲ್ಲಿ ನಿಂತುಬಿಡುತ್ತೆ, ಸ್ಕ್ಯಾನರ್‌ನಲ್ಲಿ ಪಿ0758 (ಬಿ ಶಿಫ್ಟ್ ಸೊಲೆನಾಯ್ಡ್‌ನ ಕರೆಂಟ್ ದೋಷದ ಕೋಡ್). ಗೇರ್‌ಬಾಕ್ಸ್ ಕನೆಕ್ಟರ್‌ನಲ್ಲಿ ಅಳೆದರೆ ಬಿ ಸೊಲೆನಾಯ್ಡ್ (ಗೇರ್ ಬದಲಿಸಲು ಆಯಿಲ್ ದಾರಿ ತೆರೆದು ಮುಚ್ಚೋ ಕರೆಂಟ್ ವಾಲ್ವ್) ತಣ್ಣಗಿದ್ದಾಗ 13 ಓಮ್, ಬಿಸಿಯಾದಾಗ 16.5. ರೆಸಿಸ್ಟೆನ್ಸ್ ಏರಿದೆ, ಬದಲಿಸಿ ಅಂತಾರೆ. ಬಾಕ್ಸ್ ಕೆಳಗಿನ ಆಯಿಲ್ ಪ್ಯಾನ್ ಬಿಚ್ಚೋ ಮುಂಚೆ ಏನು ನೋಡಬೇಕು?

ಓಮ್‌ಮೀಟರ್:
16.5 ದೋಷವೇ ಅಲ್ಲ. ತಾಮ್ರದ ರೆಸಿಸ್ಟೆನ್ಸ್ ಪ್ರತಿ ಡಿಗ್ರಿಗೆ ಸುಮಾರು 0.39% ಏರುತ್ತೆ. 20 ಡಿಗ್ರಿಯಲ್ಲಿ 13 ಓಮ್ ಇದ್ದ ಕಾಯಿಲ್ 90 ಡಿಗ್ರಿಗೆ ಹದಿನಾರೂವರೆ ತೋರಿಸಲೇಬೇಕು. ಟೊಯೋಟಾದ ಆನ್-ಆಫ್ ಸೊಲೆನಾಯ್ಡ್‌ಗಳಿಗೆ 20 ಡಿಗ್ರಿಯಲ್ಲಿ 11ರಿಂದ 15 ಓಮ್ ಸರಿ. ಅಲ್ಲಿ ಇಸಿಯು (ಗಾಡಿಯ ಕಂಪ್ಯೂಟರ್) 8 ಓಮ್‌ಗಿಂತ ಇಳಿದರೆ ಶಾರ್ಟ್, 100 ಕಿಲೋ ಓಮ್ ದಾಟಿದರೆ ಓಪನ್ (ದಾರಿ ಕಡಿದಿದೆ) ಅಂತ ಲೆಕ್ಕ ಹಾಕುತ್ತೆ. ನಡುವೆ ಮೂರು ಓಮ್ ಹೆಚ್ಚಾದ್ದಕ್ಕೆ ಕೋಡ್ ಬರಲ್ಲ.

ಪಿ0758 ಅಂದರೆ ಕರೆಂಟಿನ ದಾರಿಯ ತೊಂದರೆ. ವಾಲ್ವ್ ಅಂಟಿಕೊಂಡಿದ್ದರೆ ಸಾಮಾನ್ಯವಾಗಿ ಪಿ0756 ಅಥವಾ ಪಿ0757 ಬರುತ್ತೆ.

ಗಾಡಿ ಓಡಿಸಿ ಬಿಸಿ ಮಾಡಿ. ಬ್ಯಾಟರಿ ನೆಗೆಟಿವ್ ಕಳಚಿ, ಇಸಿಯು ಪ್ಲಗ್ ತೆಗೆದು, ಆ ಪ್ಲಗ್‌ನ ಬಿ ಪಿನ್‌ನಿಂದ ಬಾಡಿ ಅರ್ತ್‌ಗೆ ಅಳೆಯಿರಿ. ಆಗ ಹಾರ್ನೆಸ್ಸೂ (ತಂತಿಗಳ ಕಟ್ಟು) ಲೆಕ್ಕಕ್ಕೆ ಬಂತು. (ಸೊಲೆನಾಯ್ಡ್ ಕೂತಿರುವ ಲೋಹದ ವಾಲ್ವ್ ಬಾಡಿ ಮೂಲಕವೇ ಅರ್ತ್ ಇರುವ ಬಾಕ್ಸ್‌ಗೆ ಈ ಮಾತು. ಕೆಲವದರಲ್ಲಿ 12 ವೋಲ್ಟ್ ಸದಾ ಇದ್ದು ಇಸಿಯು ಅರ್ತ್ ಕೊಡುತ್ತೆ, ಡಯಾಗ್ರಾಮ್ ನೋಡಿ.) ಒಬ್ಬರು ಮೀಟರ್ ನೋಡುತ್ತಿರಲಿ, ಇನ್ನೊಬ್ಬರು ಹಾರ್ನೆಸ್ ಅಲ್ಲಾಡಿಸಲಿ: ಎಕ್ಸಾಸ್ಟ್ ಪಕ್ಕ, ಬ್ಯಾಟರಿ ಟ್ರೇ ಕೆಳಗೆ, ಕ್ಲಿಪ್ ಬಿಟ್ಟುಹೋದ ಜಾಗ.

ಹಳೇವೈರಿಂಗ್:
ಓಮ್ ಮೀಟರ್ ಒಂದನ್ನೇ ನಂಬಬೇಡಿ. ಒಂದೇ ಎಳೆ ಉಳಿದ ತಂತಿಯೂ ಅದಕ್ಕೆ ಸೊನ್ನೆ ಓಮ್. ಸೊಲೆನಾಯ್ಡ್ ಎಳೆಯೋದು ಸುಮಾರು 1 ಆಂಪ್. ಇಸಿಯುನಿಂದ ಬಾಕ್ಸ್‌ಗೆ ಹೋಗುವ ಬಿ ತಂತಿಯ ಎರಡೂ ತುದಿ ಬಿಡಿಸಿ, 21 ವ್ಯಾಟ್ ಬಲ್ಬನ್ನು ಅದರ ಮೂಲಕ ಉರಿಸಿ. ತಂತಿಯ ಮೇಲೆ ಅರ್ಧ ವೋಲ್ಟ್‌ಗಿಂತ ಹೆಚ್ಚು ಬಿದ್ದರೆ ತಂತಿ ಸರಿಯಿಲ್ಲ. ಕನೆಕ್ಟರ್‌ನಲ್ಲಿ ಎಟಿಎಫ್ (ಗೇರ್‌ಬಾಕ್ಸ್ ಆಯಿಲ್) ಜಿನುಗಿದೆಯಾ ನೋಡಿ, ಕಾಂಟ್ಯಾಕ್ಟ್ ಕ್ಲೀನರ್‌ನಲ್ಲಿ ತೊಳೆಯಿರಿ. ಫೀಮೇಲ್ ಪಿನ್‌ಗೆ ದಪ್ಪ ಪ್ರೋಬ್ ತುರುಕಿದರೆ ಅದು ಅಗಲವಾಗಿ ಹೊಸ ಲೂಸ್ ಕಾಂಟ್ಯಾಕ್ಟ್ ಹುಟ್ಟುತ್ತೆ. ಎಷ್ಟೋ 'ರಿಪೇರಿ'ಗಳ ಕಥೆ ಇದೇ.

ನಾಲ್ಕನೇಗೇರ್:
ಹೊರಗಿನ ತಂತಿ ಸರಿ ಇದ್ದರೆ? ನೇರ 12 ವೋಲ್ಟ್ ಕೊಟ್ಟು ಕ್ಲಿಕ್ ಕೇಳಬಹುದಾ ಸರ್?

ಓಮ್‌ಮೀಟರ್:
ಆನ್-ಆಫ್ ಸೊಲೆನಾಯ್ಡ್‌ಗೆ ಕ್ಷಣಕಾಲ ಕೊಡಿ. ಕ್ಲಿಕ್ ಬಂದರೆ ಕಾಯಿಲ್ ಎಳೀತು ಅಂತಷ್ಟೇ ಅರ್ಥ, ಆಯಿಲ್ ಹರೀತು ಅಂತಲ್ಲ. ಪ್ರೆಷರ್ ಹಿಡಿಯೋ ಲೀನಿಯರ್ ಸೊಲೆನಾಯ್ಡ್ ಸುಮಾರು 5 ಓಮ್ ಇರುತ್ತೆ, ಅದಕ್ಕೆ ನೇರ ಕೊಡಲೇಬೇಡಿ, ನಡುವೆ 21 ವ್ಯಾಟ್ ಬಲ್ಬ್ ಇರಲಿ.

ಬಾಕ್ಸ್ ಕಡೆ ಬಿಸಿಗೆ ರೀಡಿಂಗ್ ಪೂರ್ತಿ ಓಪನ್ ಅಥವಾ ಶಾರ್ಟ್ ಆದರೆ ಮಾತ್ರ ಪ್ಯಾನ್ ಬಿಚ್ಚಿ. ಆಗಲೂ ಸೊಲೆನಾಯ್ಡ್ ಪ್ಲಗ್ ತೆಗೆದು ಕಾಯಿಲ್ ಬೇರೆ, ಒಳ ಹಾರ್ನೆಸ್ ಬೇರೆ ಅಳೆಯಿರಿ. ಅಷ್ಟರಲ್ಲಿ ತಣ್ಣಗಾದರೆ ದೋಷ ಅಡಗಿಬಿಡುತ್ತೆ, ಹೇರ್ ಡ್ರೈಯರ್‌ನಿಂದ ಒಂದೊಂದನ್ನೇ ಬಿಸಿ ಮಾಡಿ. ಪಾರ್ಟ್ ಆರ್ಡರ್ ಆಮೇಲೆ.